ಕೌದಿಗೆ ಬಟ್ಟೆಪಟ್ಟಿ: ಕೊಳ್ಳುವುದು ಲಾಭವೋ, ಮನೆಯಲ್ಲೇ ಕತ್ತರಿಸುವುದು ಲಾಭವೋ?

ಸುಗ್ಗಿ ಮುಗಿದು ಹೊಲದ ಕೆಲಸ ಹಗುರಾದ ದಿನಗಳಲ್ಲಿ ಉತ್ತರ ಕರ್ನಾಟಕದ ರೈತ ಮಹಿಳೆಯರು ಕೌದಿ ಹೊಲಿಯಲು ಕೂಡುತ್ತಾರೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿ ಹಾಸಲೂ ಆಗುತ್ತದೆ, ಹೊದೆಯಲೂ ಆಗುತ್ತದೆ. ಬಾಣಂತಿಗೂ ಅದು ಬೇಕು, ಚಳಿಯಲ್ಲಿ ಹೊಲ ಕಾಯುವವರಿಗೂ ಬೇಕು. ಚೆನ್ನಾಗಿ ಹೊಲಿದರೆ ಮಾರಾಟಕ್ಕೂ ಬರುತ್ತದೆ.

ಈಗ ಸಂತೆಗಳಲ್ಲಿ, ಕಟ್‌ಪೀಸ್ ಅಂಗಡಿಗಳಲ್ಲಿ ಕತ್ತರಿಸಿದ ಬಟ್ಟೆಪಟ್ಟಿಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ಕತ್ತರಿಸುವ ಶ್ರಮ ಉಳಿಯಿತೆಂದು ಅನೇಕರು ಅವನ್ನೇ ಕೊಳ್ಳುತ್ತಾರೆ. ಆದರೆ ವಾರಗಟ್ಟಲೆ ಕೂತು ಹೊಲಿದ ಕೌದಿ ಮೊದಲ ಒಗೆತಕ್ಕೇ ಮುದುಡಿದರೆ ಹಣವೂ ಹೋಯಿತು, ದುಡಿಮೆಯೂ ಹೋಯಿತು. ಆದ್ದರಿಂದ ಕೊಳ್ಳುವ ಮುನ್ನ ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

ಪಟ್ಟಿಯ ಅಗಲ ಮತ್ತು ಬಟ್ಟೆಯ ನಷ್ಟ

ಎರಡು ಪಟ್ಟಿಗಳನ್ನು ಕೂಡಿಸಿ ಹೊಲಿಯುವಾಗ ಪ್ರತಿ ಪಟ್ಟಿಯ ಎರಡೂ ಬದಿಯಲ್ಲಿ ಕಾಲು ಅಂಗುಲ ಬಟ್ಟೆ ಹೊಲಿಗೆಯ ಒಳಗೆ ಹೋಗುತ್ತದೆ. ಅಂದರೆ ಪಟ್ಟಿ ಎಷ್ಟೇ ಅಗಲವಿರಲಿ, ಅರ್ಧ ಅಂಗುಲ ಕಾಣದಾಗುತ್ತದೆ. 48 ಅಂಗುಲ ಅಗಲದ ಕೌದಿಯ ಮೇಲ್ಪದರಕ್ಕೆ ಲೆಕ್ಕ ಹೀಗಿದೆ:

1. ಒಂದೂವರೆ ಅಂಗುಲದ ಪಟ್ಟಿ: 48 ಪಟ್ಟಿ ಬೇಕು; ಒಟ್ಟು 72 ಅಂಗುಲ ಬಟ್ಟೆ. ಮೂರರಲ್ಲಿ ಒಂದು ಪಾಲು ನಷ್ಟ.
2. ಎರಡೂವರೆ ಅಂಗುಲದ ಪಟ್ಟಿ: 24 ಪಟ್ಟಿ ಬೇಕು, ಒಟ್ಟು 60 ಅಂಗುಲ ಬಟ್ಟೆ. ಐದರಲ್ಲಿ ಒಂದು ಪಾಲು ನಷ್ಟ.
3. ನಾಲ್ಕೂವರೆ ಅಂಗುಲದ ಪಟ್ಟಿ: 12 ಪಟ್ಟಿ ಬೇಕು, ಒಟ್ಟು 54 ಅಂಗುಲ ಬಟ್ಟೆ. ಒಂಬತ್ತರಲ್ಲಿ ಒಂದು ಪಾಲು ನಷ್ಟ.

ಸಣ್ಣ ಪಟ್ಟಿಗಳಿಗೆ ಬಟ್ಟೆಯೂ ಹೆಚ್ಚು, ದಾರವೂ ಹೆಚ್ಚು, ಸಮಯವೂ ಹೆಚ್ಚು ಬೇಕು. ತೂಕಕ್ಕೆ ಕೊಳ್ಳುವ ಚೀಲದಲ್ಲಿ ಇಂಥ ಸಣ್ಣ ಪಟ್ಟಿಗಳೇ ತುಂಬಿದ್ದರೆ ಅಗ್ಗವೆಂದು ಕಂಡದ್ದು ದುಬಾರಿಯಾಗುತ್ತದೆ.

ಕೊಂಡ ಪಟ್ಟಿಯ ನಿಜವಾದ ಬೆಲೆ

ಚೀಲವನ್ನು ಸುರಿದು ನೋಡಿ. ತೀರ ಸಣ್ಣವು, ಓರೆಯಾಗಿ ಕತ್ತರಿಸಿದವು, ಬನಿಯನ್ ಬಟ್ಟೆಯಂತೆ ಜಗ್ಗುವವು, ಇವನ್ನು ಬೇರೆ ಮಾಡಿ, ಉಳಿದುದನ್ನು ತೂಗಿ. ಉದಾಹರಣೆಗೆ ಒಂದು ಕೆ.ಜಿ.ಗೆ 100 ರೂಪಾಯಿ ಕೊಟ್ಟು, ಅದರಲ್ಲಿ 700 ಗ್ರಾಂ ಮಾತ್ರ ಉಪಯೋಗಕ್ಕೆ ಬಂದರೆ ಕೆ.ಜಿ.ಗೆ ಬಿದ್ದ ನಿಜವಾದ ಬೆಲೆ ಸುಮಾರು 143 ರೂಪಾಯಿ. ಮೊದಲು ಅರ್ಧ ಕೆ.ಜಿ. ಮಾತ್ರ ತಂದು ಈ ಲೆಕ್ಕ ಮಾಡಿ, ನಂತರ ಹೆಚ್ಚು ಕೊಳ್ಳುವುದು ಜಾಣತನ.

ನೂಲಿನ ಪರೀಕ್ಷೆ

ಕೊಂಡ ಪಟ್ಟಿಗಳ ದೊಡ್ಡ ತೊಂದರೆಯೆಂದರೆ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತಿರುವುದು. ಹೊಸ ಹತ್ತಿಬಟ್ಟೆ ನೀರು ಬಿದ್ದಾಗ ಕುಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟಾಗಿ ಕುಗ್ಗುವುದಿಲ್ಲ. ಎರಡೂ ಒಂದೇ ಕೌದಿಯಲ್ಲಿದ್ದರೆ ಸುಕ್ಕು ಬೀಳುತ್ತದೆ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಒಲೆಯ ಬಳಿ ಮಲಗುವವರಿಗೆ, ಅಗ್ಗಿಷ್ಟಿಕೆ ಇಡುವ ಬಾಣಂತಿಯ ಕೋಣೆಗೆ ಇಂಥ ಕೌದಿ ಸರ್ವಥಾ ಸಲ್ಲದು.

ಪರೀಕ್ಷೆ ಸುಲಭ. ಪಟ್ಟಿಯಿಂದ ಎರಡು ಮೂರು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೃದುವಾದ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಎಳೆ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತಾಗುತ್ತದೆ. ಮಕ್ಕಳನ್ನು ದೂರವಿಟ್ಟು, ಪಕ್ಕದಲ್ಲಿ ನೀರು ಇಟ್ಟುಕೊಂಡು ಈ ಪರೀಕ್ಷೆ ಮಾಡಬೇಕು.

ಹೊಸ ಹತ್ತಿಪಟ್ಟಿಗಳನ್ನು ಹೊಲಿಯುವ ಮುನ್ನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ತಿಕ್ಕದೆ ಹಿಂಡಿ, ನೆರಳಿನಲ್ಲಿ ಒಣಗಿಸಬೇಕು. ತಿಕ್ಕಿದರೆ ಅಂಚಿನ ಎಳೆಗಳು ಬಿಟ್ಟು ಪಟ್ಟಿಗಳು ಗಂಟುಬೀಳುತ್ತವೆ. ಕೆಂಪು, ಕಡುನೀಲಿ ಪಟ್ಟಿಗಳನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ಬಣ್ಣ ಬಿಡುತ್ತದೆಯೇ ನೋಡಬೇಕು.

ಮನೆಯಲ್ಲಿ ಕತ್ತರಿಸುವ ಕ್ರಮ

ಉಟ್ಟು ಒಗೆದ ಸೀರೆ ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡುವಷ್ಟು ಬಣ್ಣ ಬಿಟ್ಟಿರುತ್ತದೆ. ಇದೇ ಹಳೆಯ ಬಟ್ಟೆಯ ದೊಡ್ಡ ಗುಣ. ಆದರೆ ಸೀರೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಕಾಲಿಗೆ ತಾಗುವ ಕೆಳ ಅಂಚು, ಕೂಡುವಾಗ ಜಗ್ಗುವ ಭಾಗ ಬೇಗ ಸವೆಯುತ್ತವೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ತೆಳುವಾದ ಭಾಗವನ್ನು ಕೌದಿಯ ಒಳಪದರಕ್ಕೆ ಇಡಿ. ಗಟ್ಟಿ ಭಾಗದಿಂದ ಮಾತ್ರ ಪಟ್ಟಿ ಕತ್ತರಿಸಿ. ಸವೆದ ಪಟ್ಟಿಯ ಪಕ್ಕಕ್ಕೆ ಗಟ್ಟಿ ಹೊಸ ಪಟ್ಟಿ ಹೊಲಿದರೆ ಹೊಸದು ಹಳೆಯದನ್ನು ಜಗ್ಗಿ ಹರಿಯುತ್ತದೆ.

6 ಅಡಿ ಉದ್ದ, 4 ಅಡಿ ಅಗಲದ ಕೌದಿಗೆ ಎರಡೂವರೆ ಅಂಗುಲದ 24 ಪಟ್ಟಿಗಳು ಬೇಕಷ್ಟೆ. ಎರಡು ಬಣ್ಣದ ಎರಡು ಸೀರೆಗಳಿಂದ 12ರಂತೆ ತೆಗೆಯುವುದಾದರೆ, ಪ್ರತಿ ಸೀರೆಯಲ್ಲಿ 30 ಅಂಗುಲ ಅಗಲ, 2 ಗಜಕ್ಕೆ ತುಸು ಹೆಚ್ಚು ಉದ್ದದ ಗಟ್ಟಿ ಭಾಗ ಸಿಕ್ಕರೆ ಸಾಕು.

ಪಟ್ಟಿಯನ್ನು ಹಾಸಿನ ಎಳೆಯ ಗುಂಟ, ಅಂದರೆ ಸೀರೆಯ ಉದ್ದಕ್ಕೆ ಕತ್ತರಿಸಬೇಕು. ಆ ದಿಕ್ಕಿನಲ್ಲಿ ಬಟ್ಟೆ ಕಡಿಮೆ ಜಗ್ಗುತ್ತದೆ. ಓರೆಯಾಗಿ ಕತ್ತರಿಸಿದ ಪಟ್ಟಿ ಹೊಲಿಯುವಾಗಲೇ ಉದ್ದವಾಗಿ ಕೌದಿ ಸೊಟ್ಟಗಾಗುತ್ತದೆ. ಎರಡೂವರೆ ಅಂಗುಲ ಅಗಲದ ರಟ್ಟಿನ ಅಳತೆಪಟ್ಟಿ ಮಾಡಿಟ್ಟುಕೊಂಡು, ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸಿ. ನಾಲ್ಕು ಪದರಕ್ಕಿಂತ ಹೆಚ್ಚು ಮಡಿಸಿದರೆ ಕೆಳಗಿನ ಪದರ ಜಾರುತ್ತದೆ. ಪ್ರತಿ ಪಟ್ಟಿಯಲ್ಲಿ 1/8 ಅಂಗುಲ ತಪ್ಪಿದರೂ 24 ಪಟ್ಟಿಗೆ 3 ಅಂಗುಲ ವ್ಯತ್ಯಾಸ ಬರುತ್ತದೆಂಬುದು ನೆನಪಿರಲಿ.

ಅಳತೆಯಿಲ್ಲದ ಚೂರುಗಳಿಗೆ ಸಿದ್ದಿಯರ ದಾರಿ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ಒಂದೇ ಅಳತೆಯ ಪಟ್ಟಿ ಬೇಕಿಲ್ಲ. ತಳಕ್ಕೆ ಸೀರೆ ಹಾಸಿ, ಅಂಚಿನಿಂದ ಆರಂಭಿಸಿ, ಸಿಕ್ಕ ಚೂರಿನ ತುದಿಯನ್ನು ಒಳಮಡಿಸಿ ಹೊಲಿಯುತ್ತ ನಡುವಿನವರೆಗೆ ಸಾಗುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ತ್ರಿಕೋನದ ಚೂರುಗಳನ್ನು ಹೂವಿನಂತೆ ಕೂಡಿಸುತ್ತಾರೆ. ಚೀಲದಲ್ಲಿ ಉಳಿದ ಚಿಕ್ಕ ದೊಡ್ಡ ಹತ್ತಿಚೂರುಗಳಿಗೆ ಈ ಕ್ರಮ ಬಹಳ ಅನುಕೂಲ.

ಯಾವುದು ಯಾರಿಗೆ?

ಮನೆಬಳಕೆಗೆ, ಅದರಲ್ಲೂ ಮಗುವಿನ ಕೌದಿಗೆ, ಮನೆಯ ಹಳೆಯ ಹತ್ತಿಬಟ್ಟೆಯನ್ನೇ ಕತ್ತರಿಸುವುದು ಮೇಲು. ಹಳೆಯ ಸೀರೆಗಳೆಲ್ಲ ಪಾಲಿಯೆಸ್ಟರ್ ಆಗಿದ್ದರೆ, ಅಥವಾ ಮಹಿಳಾ ಸಂಘದವರು ಒಂದೇ ಮಾದರಿಯ ಹತ್ತಾರು ಕೌದಿಗಳನ್ನು ಮಾರಾಟಕ್ಕೆ ಹೊಲಿಯುವುದಾದರೆ, ಪರೀಕ್ಷಿಸಿದ ಹತ್ತಿಪಟ್ಟಿಗಳನ್ನು ಕೊಳ್ಳಬಹುದು. ಮೇಲ್ಪದರಕ್ಕೆ ಕೊಂಡ ಪಟ್ಟಿ, ಒಳಪದರಕ್ಕೆ ಮನೆಯ ಹಳೆ ಬಟ್ಟೆ ಇಟ್ಟರೆ ಖರ್ಚೂ ಹಿಡಿತದಲ್ಲಿರುತ್ತದೆ.

ಬೀಜ ಬಿತ್ತುವ ಮೊದಲು ಮೊಳಕೆ ಪರೀಕ್ಷಿಸುವ ರೈತ ಕುಟುಂಬಕ್ಕೆ, ಸೂಜಿ ಹಿಡಿಯುವ ಮೊದಲು ಬಟ್ಟೆ ಪರೀಕ್ಷಿಸುವುದು ಕಷ್ಟವೇನಲ್ಲ. ಒಂದು ದಿನದ ಈ ಎಚ್ಚರಿಕೆ ಹಲವು ವಾರಗಳ ದುಡಿಮೆಯನ್ನು ಕಾಪಾಡುತ್ತದೆ.