ಬಂಪರ್ ಗಟ್ಟಿಯಿದ್ದರೆ ಸಾಕೇ?

‘ಈ ಪ್ಲಾಸ್ಟಿಕ್ ಬಂಪರ್ ಏನ್ ತಡೀತದ್ರಿ?’ ಬೀದರ್, ಭಾಲ್ಕಿ, ಔರಾದ್ ಕಡೆ ಗಾಡಿ ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಸಾಮಾನ್ಯ. ಹಾಗಾಗಿಯೇ ಮುಂಭಾಗಕ್ಕೆ ಕಬ್ಬಿಣದ ಗಾರ್ಡ್ ಹಾಕಿಸುತ್ತಾರೆ. ಈ ನಂಬಿಕೆ ಜೀವಕ್ಕೇ ಎರವಾಗಬಲ್ಲದು.

ಕಣ್ಣಿಗೆ ಕಾಣುವ ಪ್ಲಾಸ್ಟಿಕ್ ಬಂಪರಿನ ಹೊದಿಕೆ ಮಾತ್ರ. ಬಿಚ್ಚಿ ಒಳಮೈ ನೋಡಿದರೆ ಎಷ್ಟೋ ಕಾರುಗಳಲ್ಲಿ ‘ಪಿಪಿ+ಇಪಿಡಿಎಂ-ಟಿಡಿ20’ ಎಂಬಂಥ ಅಚ್ಚು ಇರುತ್ತದೆ: ಪಾಲಿಪ್ರೊಪಿಲೀನ್, ಬಿರುಕು ಬಿಡದಂತೆ ಒಂದಿಷ್ಟು ರಬ್ಬರ್, ಶೇ 20ರಷ್ಟು ಟಾಲ್ಕ್ ಪುಡಿ. ಅದರ ಹಿಂದೆ ಅಡ್ಡಕ್ಕೆ ಉಕ್ಕಿನ ಅಥವಾ ಅಲ್ಯೂಮಿನಿಯಂ ತೊಲೆ. ಹಲವು ಕಾರುಗಳಲ್ಲಿ ನಡುವೆ ಫೋಮ್, ತೊಲೆಯ ತುದಿಗಳಲ್ಲಿ ಮಡಚಿಕೊಳ್ಳಲೆಂದೇ ಮಾಡಿದ ಡಬ್ಬಿಗಳು. ಪೆಟ್ಟು ತಿನ್ನುವ ಕೆಲಸ ಇವುಗಳದು.

ಮಡಚಿಕೊಳ್ಳುವುದು ಯಾಕೆ ಬೇಕು? 1,200 ಕಿಲೋ ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ 60,000 ಜೂಲ್. ಮುಂಭಾಗ ಅರ್ಧ ಮೀಟರ್ ಕುಸಿಯುತ್ತ ಕಾರು ನಿಂತರೆ ಒಳಗಿನವರ ಮೇಲೆ ಗುರುತ್ವದ ಸುಮಾರು 10 ಪಟ್ಟು ಒತ್ತಡ. 10 ಸೆಂಟಿಮೀಟರಿನಲ್ಲೇ ನಿಂತರೆ 50 ಪಟ್ಟು! ಗಾಡಿ ಬಗ್ಗದಿದ್ದರೆ ಆ ಪೆಟ್ಟು ಎದೆ, ಕುತ್ತಿಗೆಗೆ ಬೀಳುತ್ತದೆ. ವೇಗ 72ಕ್ಕೇರಿದರೆ ಶಕ್ತಿ ನಾಲ್ಕು ಪಟ್ಟು. ಆಗ ಬಂಪರ್ ಯಾವುದರದ್ದಾದರೂ ಒಂದೇ. ಕಾಯಬೇಕಾದದ್ದು ಅದರ ಹಿಂದಿನ ಚೌಕಟ್ಟು ಮತ್ತು ಸೀಟ್ ಬೆಲ್ಟ್.

ಅಲ್ಯೂಮಿನಿಯಂ ಮೇಲೆಂಬ ಮಾತೂ ಅರ್ಧ ಸತ್ಯ. ತೂಕ ಉಕ್ಕಿನ ಮೂರನೇ ಒಂದು ಪಾಲು ನಿಜ, ಆದರೆ ಬಿಗುವೂ ಅಷ್ಟೇ. ಹಾಗಾಗಿ ದಪ್ಪ ಹೆಚ್ಚಿಸಬೇಕು. ಕಾರ್ಬನ್ ಫೈಬರ್ ಪುಡಿಯಾಗುತ್ತ ತುಂಬಾ ಶಕ್ತಿ ಹೀರುತ್ತದೆ, ಆದರೆ ದುಬಾರಿ. ತಗಡಿನಂತೆ ಬಡಿದು ನೆಟ್ಟಗಾಗಿಸಲೂ ಬಾರದು.

ಇನ್ನು ಗಾರ್ಡ್. ಅದನ್ನು ನೇರ ಚಾಸಿಗೆ ಬೋಲ್ಟ್ ಮಾಡಿದರೆ ಪೆಟ್ಟು ಫೋಮ್, ಡಬ್ಬಿಗಳನ್ನು ಬಿಟ್ಟು ಚಾಸಿಗೇ ಹೋಗುತ್ತದೆ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವೂ ತಪ್ಪಬಹುದು. ದಾರಿಯಲ್ಲಿ ನಡೆಯುವವರಿಗೆ, ಬೈಕಿನವರಿಗೆ ಅದು ಇನ್ನೂ ಅಪಾಯ. ಇದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಉಲ್ಲಂಘನೆ, ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ.

ನಮ್ಮ ಭಾಗದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಕಬ್ಬಿನ ಹಂಗಾಮಿನ ರಾತ್ರಿಗಳು. ದೀಪವಿಲ್ಲದೆ ನಿಂತ ಟ್ರ್ಯಾಲಿಯ ಹಲಗೆ ಬಂಪರಿಗಿಂತ ಮೇಲಿರುತ್ತದೆ. ಹಿಂದಿನಿಂದ ಗುದ್ದಿದ ಕಾರು ಅದರಡಿ ನುಗ್ಗುತ್ತದೆ, ಹಲಗೆ ಗಾಜಿಗೇ ಬಡಿಯುತ್ತದೆ. ಅಲ್ಲಿ ಜೀವ ಉಳಿಸುವುದು ಟ್ರ್ಯಾಲಿಗೆ ಅಂಟಿಸಿದ ಕೆಂಪು ರಿಫ್ಲೆಕ್ಟರ್ ಪಟ್ಟಿ, ಕಾರಿನವರ ಕಡಿಮೆ ವೇಗ.

ಗುದ್ದಿದ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟಾಗ ಪೇಂಟಿನ ಹೊಳಪಷ್ಟನ್ನೇ ನೋಡಬೇಡಿ. ಹೊದಿಕೆ ಕೂರಿಸುವ ಮೊದಲೇ ತೊಲೆ ಬಾಗಿದೆಯೇ, ಡಬ್ಬಿ ಮಡಚಿದೆಯೇ, ಫೋಮ್ ಒಡೆದಿದೆಯೇ ಎಂದು ಕಣ್ಣಾರೆ ನೋಡಿ, ಕೆಟ್ಟದ್ದನ್ನು ಬದಲಿಸಿ.