ಗಂಟು ಬಿದ್ದ ತಂತಿಯಲ್ಲಿ ಹುಟ್ಟಿದ ಹಾಡು

ಹತ್ತಿ ಬಿಡಿಸುತ್ತ ಬೆಳೆದ ಕಾರ್ಲ್ ಪರ್ಕಿನ್ಸ್ ಜಗತ್ತನ್ನೇ ಕುಣಿಸಿದ ಕಥೆ

ಮಕ್ಕಳೇ, ಗಿಟಾರಿನ ತಂತಿ ಕಡಿದುಹೋದರೆ ಏನು ಮಾಡುತ್ತೀರಿ? ಅಂಗಡಿಯಿಂದ ಹೊಸದು ತರುತ್ತೀರಿ, ಅಲ್ಲವೇ? ಅಮೆರಿಕದ ಟೆನೆಸಿ ರಾಜ್ಯದಲ್ಲಿ ಒಬ್ಬ ಹುಡುಗನಿದ್ದ. ಅವನ ಮನೆಯಲ್ಲಿ ಹೊಸ ತಂತಿಗೆ ಕಾಸಿರಲಿಲ್ಲ. ಕಡಿದ ತಂತಿಗೇ ಗಂಟು ಹಾಕಿಕೊಂಡು ನುಡಿಸುತ್ತಿದ್ದ. ಆದರೆ ಬೆರಳು ಜಾರಿಸುವಾಗ ಆ ಗಂಟು ಚುಚ್ಚುತ್ತಿತ್ತು. ಅದಕ್ಕೇ ಬೆರಳನ್ನು ಗಂಟಿನವರೆಗೆ ಒಯ್ಯದೆ, ಇದ್ದಲ್ಲಿಯೇ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದನ್ನು ಕಲಿತ. ವೀಣೆಯ ತಂತಿ ಎಳೆದು ಗಮಕ ನುಡಿಸುವುದನ್ನು ಕಂಡ ಅಜ್ಜ ಅಜ್ಜಿಯರಿಗೆ ಇದು ಕೂಡಲೇ ಅರ್ಥವಾದೀತು. ಬಡತನ ಕಲಿಸಿದ ಆ ಉಪಾಯವೇ ಮುಂದೆ ಅವನ ವಾದನದ ಗುರುತಾಯಿತು. ಆ ಹುಡುಗನೇ ಕಾರ್ಲ್ ಪರ್ಕಿನ್ಸ್.

ಹೊಲವೇ ಪಾಠಶಾಲೆ

ಕಾರ್ಲ್ ಹುಟ್ಟಿದ್ದು 1932ರ ಏಪ್ರಿಲ್ 9ರಂದು, ಮಿಸಿಸಿಪಿ ನದಿಗೆ ಹತ್ತಿರದ ಟಿಪ್ಟನ್‌ವಿಲ್ ಊರಿನ ಬಳಿ. ತಂದೆ ತಾಯಿ ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿಯುವ ರೈತರು. ಕಾರ್ಲ್ ಕೂಡ ಎಳೆಯ ವಯಸ್ಸಿನಲ್ಲೇ ಹತ್ತಿ ಬಿಡಿಸಲು ಹೊಲಕ್ಕೆ ಇಳಿದ. ಹತ್ತಿಕಾಯಿಯ ಮೊನಚು ಬೆರಳಿಗೆ ತಾಗಿದರೆ ಹೇಗಿರುತ್ತದೆಂದು ನಮ್ಮ ಹತ್ತಿ ಬೆಳೆಯುವ ಊರುಗಳವರಿಗೆ ಹೇಳಬೇಕಾಗಿಲ್ಲ.

ಆ ಹೊಲದಲ್ಲೇ ಅವನಿಗೆ ಹಾಡು ಸಿಕ್ಕಿತು. ಜೊತೆಗೆ ದುಡಿಯುತ್ತಿದ್ದ ಕಪ್ಪು ಜನರು ಕೆಲಸದ ದಣಿವು ಮರೆಯಲು ಭಕ್ತಿಗೀತೆ ಹಾಡುತ್ತಿದ್ದರು. ಮನೆಯ ರೇಡಿಯೊದಲ್ಲಿ ಬಿಳಿಯರ ಹಳ್ಳಿ ಹಾಡುಗಳು ಬರುತ್ತಿದ್ದವು. ಮಗನ ಆಸೆ ಕಂಡ ತಂದೆ, ಸಿಗಾರ್ ಪೆಟ್ಟಿಗೆಗೆ ಪೊರಕೆ ಕೋಲು ಸಿಕ್ಕಿಸಿ ಗಿಟಾರ್ ಮಾಡಿಕೊಟ್ಟರು. ಆಮೇಲೆ ಹಳೆಯದೊಂದು ನಿಜವಾದ ಗಿಟಾರ್ ಬಂತು. ನುಡಿಸಲು ಕಲಿಸಿದವರು ಜಾನ್ ವೆಸ್ಟ್‌ಬ್ರೂಕ್ ಎಂಬ ಹಿರಿಯರು, ಅದೇ ಹೊಲದ ಕಪ್ಪು ಕೂಲಿಕಾರ. ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿದ್ದ ಕಾಲ ಅದು. ಆ ಗೋಡೆಗಳ ನಡುವೆಯೇ ಒಬ್ಬ ಕಪ್ಪು ಅಜ್ಜ ಒಬ್ಬ ಬಿಳಿಯ ಹುಡುಗನಿಗೆ ತನ್ನ ವಿದ್ಯೆಯನ್ನು ಧಾರೆಯೆರೆದರು. ಕಾರ್ಲ್ ಅವರನ್ನು ಕೊನೆಯವರೆಗೂ ನೆನೆಯುತ್ತಿದ್ದರು.

ಏನಿದು ರಾಕಬಿಲಿ?

ಗುಡ್ಡಗಾಡಿನ ಹಳ್ಳಿಗರನ್ನು ಅಮೆರಿಕದಲ್ಲಿ 'ಹಿಲ್‌ಬಿಲಿ' ಎಂದು ಹಾಸ್ಯ ಮಾಡುತ್ತಿದ್ದರು. 'ರಾಕ್' ಎಂಬ ಮಾತಿಗೆ ಅದು ಸೇರಿ 'ರಾಕಬಿಲಿ' ಆಯಿತು. ಬಿಳಿಯರ ಹಳ್ಳಿ ಸಂಗೀತ, ಕಪ್ಪು ಜನರ ಬ್ಲೂಸ್, ಎರಡೂ ಅದರಲ್ಲಿ ಬೆರೆತವು. ಗಿಟಾರ್ ಚುರುಕಾಗಿ ನುಡಿಯುತ್ತದೆ, ದೊಡ್ಡ ಬಾಸ್‌ನ ತಂತಿಗಳನ್ನು ಕೈಯಿಂದ ಬಡಿದು ತಾಳ ಹಾಕುತ್ತಾರೆ. ಕಾರ್ಲ್, ಅಣ್ಣ ಜೇ, ತಮ್ಮ ಕ್ಲೇಟನ್ ಸೇರಿ ಜಾಕ್ಸನ್ ಊರಿನ ಸುತ್ತಮುತ್ತ ಇಂಥ ಹಾಡುಗಳನ್ನೇ ಹಾಡುತ್ತಿದ್ದರು. 1954ರಲ್ಲಿ ಮೆಂಫಿಸ್ ನಗರದ ಸನ್ ರೆಕಾರ್ಡ್ಸ್‌ನ ಒಡೆಯ ಸ್ಯಾಮ್ ಫಿಲಿಪ್ಸ್ ಅವರ ಬಾಗಿಲು ತಟ್ಟಿದರು. ಎಲ್ವಿಸ್ ಪ್ರೆಸ್ಲಿಯ ಮೊದಲ ಹಾಡುಗಳು ಮುದ್ರಣವಾದದ್ದೂ ಅಲ್ಲೇ.

1955ರ ಕೊನೆಯಲ್ಲಿ ಒಂದು ನೃತ್ಯಕೂಟದಲ್ಲಿ ಕಾರ್ಲ್ ಹಾಡುತ್ತಿದ್ದರು. ಒಬ್ಬ ಯುವಕ ತನ್ನ ಜೊತೆ ಕುಣಿಯುತ್ತಿದ್ದ ಹುಡುಗಿಗೆ, ತನ್ನ ಮೆದು ಚರ್ಮದ ಬೂಟು ತುಳಿಯಬೇಡವೆಂದು ಗದರಿದ. ಎದುರಿಗೆ ಚೆಂದದ ಹುಡುಗಿ ಇರುವಾಗ ಇವನಿಗೆ ಬೂಟಿನ ಚಿಂತೆಯೇ! ಕಾರ್ಲ್‌ಗೆ ನಿದ್ದೆ ಬರಲಿಲ್ಲ. ನಡುರಾತ್ರಿ ಎದ್ದು, ಆಲೂಗಡ್ಡೆ ತಂದಿದ್ದ ಕಾಗದದ ಚೀಲದ ಮೇಲೆ ಹಾಡು ಬರೆದರು. 'ಸ್ವೇಡ್' ಎಂಬ ಆ ಚರ್ಮದ ಹೆಸರಿನ ಕಾಗುಣಿತವೂ ಸರಿಯಾಗಿ ಗೊತ್ತಿರಲಿಲ್ಲ! 1956ರ ಜನವರಿಯಲ್ಲಿ ಹೊರಬಂದ 'ಬ್ಲೂ ಸ್ವೇಡ್ ಶೂಸ್' ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಸನ್ ಸಂಸ್ಥೆಗೆ ಅಂಥ ಯಶಸ್ಸು ಅದೇ ಮೊದಲು. ಬಿಳಿಯರ ಪಟ್ಟಿ, ಕಪ್ಪು ಜನರ ಪಟ್ಟಿ ಎನ್ನದೆ ಎಲ್ಲೆಡೆ ಹಾಡು ಮೇಲೇರಿತು.

ಕೈಗೆ ಬಂದ ತುತ್ತು

ಇಡೀ ದೇಶ ನೋಡುವ ಟೆಲಿವಿಷನ್ ಕಾರ್ಯಕ್ರಮಕ್ಕೆ ಕರೆ ಬಂತು. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 1956ರ ಮಾರ್ಚ್ 22ರಂದು ನ್ಯೂಯಾರ್ಕಿಗೆ ಹೋಗುವ ದಾರಿಯಲ್ಲಿ, ಡೆಲವೇರ್ ರಾಜ್ಯದ ಡೋವರ್ ಬಳಿ ಅವರ ಕಾರು ಒಂದು ಟ್ರಕ್ಕಿಗೆ ಡಿಕ್ಕಿ ಹೊಡೆಯಿತು. ಆ ವಾಹನದ ಚಾಲಕ ತೀರಿಕೊಂಡರು. ಕಾರ್ಲ್‌ಗೂ ಅಣ್ಣ ಜೇಗೂ ಕುತ್ತಿಗೆಯ ಮೂಳೆ ಮುರಿಯಿತು. ಕಾರ್ಲ್ ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲೇ ಎಲ್ವಿಸ್ ಅದೇ ಹಾಡನ್ನು ಟೆಲಿವಿಷನ್‌ನಲ್ಲಿ ಹಾಡಿದರು. ಇಂದಿಗೂ ಎಷ್ಟೋ ಜನ ಅದನ್ನು ಎಲ್ವಿಸ್ ಹಾಡೆಂದೇ ತಿಳಿದಿದ್ದಾರೆ. ಆದರೂ ಇಬ್ಬರ ಸ್ನೇಹ ಕೆಡಲಿಲ್ಲ. ಎಲ್ವಿಸ್ ಆಗ ತಂತಿ ಕಳಿಸಿ ಧೈರ್ಯ ಹೇಳಿದ್ದರು. ಅದೇ ವರ್ಷದ ಡಿಸೆಂಬರ್ 4ರಂದು ಸನ್ ಸ್ಟುಡಿಯೊದಲ್ಲಿ ಕಾರ್ಲ್, ಎಲ್ವಿಸ್, ಜಾನಿ ಕ್ಯಾಶ್, ಜೆರಿ ಲೀ ಲೂಯಿಸ್ ನಾಲ್ವರೂ ಆಕಸ್ಮಿಕವಾಗಿ ಸೇರಿ ಹಾಡಿದರು. ಆ ಧ್ವನಿಮುದ್ರಣ ಇಂದಿಗೂ ಕೇಳಲು ಸಿಗುತ್ತದೆ.

1958ರಲ್ಲಿ ಜೇ ತೀರಿಕೊಂಡರು. ದುಃಖದಲ್ಲಿ ಕಾರ್ಲ್‌ರ ಕುಡಿತ ಹೆಚ್ಚಿತು. ಹೆಸರು ಮಂಕಾಯಿತು. 1964ರಲ್ಲಿ ಇಂಗ್ಲೆಂಡಿಗೆ ಹೋದಾಗ ಅಚ್ಚರಿ ಕಾದಿತ್ತು: ಲೋಕವೇ ಹುಚ್ಚೆದ್ದು ಕೇಳುತ್ತಿದ್ದ ಬೀಟಲ್ಸ್ ಹುಡುಗರು ಅವರ ಅಭಿಮಾನಿಗಳು! ಅವರು ಕಾರ್ಲ್‌ರ ಮೂರು ಹಾಡುಗಳನ್ನು ಮುದ್ರಿಸಿದರು, ಅದರಲ್ಲಿ ಒಂದನ್ನು ಕಾರ್ಲ್ ಎದುರಿಗೇ. ಮುಂದೆ ಜಾನಿ ಕ್ಯಾಶ್ ತಂಡದಲ್ಲಿ ಸುಮಾರು ಹತ್ತು ವರ್ಷ ನುಡಿಸಿದ ಕಾರ್ಲ್, 1960ರ ದಶಕದ ಕೊನೆಗೆ ಬಾಟಲಿಯನ್ನು ಬಿಟ್ಟೇಬಿಟ್ಟರು. ಚಟ ಬಿಡಲು ಗೆಳೆಯರಿಬ್ಬರೂ ಒಬ್ಬರಿಗೊಬ್ಬರು ಊರುಗೋಲಾದರು.

ಮಕ್ಕಳಿಗಾಗಿ ಒಂದು ಮನೆ

ಹಿಂಸೆಗೆ ಬಲಿಯಾದ ಮಗುವೊಂದರ ಸುದ್ದಿ ಓದಿ ಕಾರ್ಲ್ ಕಲಕಿಹೋದರು. ಸುಮ್ಮನೆ ಮರುಗಿ ಕೂರಲಿಲ್ಲ. 1981ರಲ್ಲಿ ಜಾಕ್ಸನ್‌ನಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕೇಂದ್ರ ಶುರುವಾಗಲು ಕಾರಣರಾದರು. ಅದಕ್ಕಾಗಿ ವರ್ಷವರ್ಷವೂ ಹಾಡಿ ಹಣ ಕೂಡಿಸಿದರು. ಅವರ ಹೆಸರಿನ ಆ ಕೇಂದ್ರ ಅವರ ನಂತರವೂ ನೊಂದ ಮಕ್ಕಳ ಕೈಹಿಡಿಯುತ್ತ ಬಂದಿದೆ.

1987ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿತು. 1998ರ ಜನವರಿ 19ರಂದು, 65ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್, ಕಾರ್ಲ್‌ರದೇ ಹಾಡೊಂದನ್ನು ಗಿಟಾರ್ ಹಿಡಿದು ಹಾಡಿ ಬೀಳ್ಕೊಟ್ಟರು.

ಹತ್ತಿ ಹೊಲದ ಜಾನ್ ಅಜ್ಜನಿಂದ ಕಾರ್ಲ್‌ಗೆ, ಕಾರ್ಲ್‌ರಿಂದ ಕಡಲಾಚೆಯ ಹುಡುಗರಿಗೆ ವಿದ್ಯೆ ಹೀಗೆ ಹರಿಯಿತು. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಗೂ ಒಂದು ಹಾಡೋ ಕಸುಬೋ ಗೊತ್ತಿರಬಹುದು. ಈ ಭಾನುವಾರ ಹತ್ತಿರ ಕುಳಿತು ಕೇಳಿ ಕಲಿಯಿರಿ.