ಹಾರ್ಮೋನ್ ಚಿಕಿತ್ಸೆ ಪಡೆದರೆ ಟ್ರಾನ್ಸ್ ವ್ಯಕ್ತಿಗಳ ಲೈಂಗಿಕ ಆಸಕ್ತಿ ಸತ್ತೇ ಹೋಗುತ್ತದೆಯೇ?

ಹಾರ್ಮೋನ್ ಮಾತ್ರೆ ನುಂಗಿದರೆ ಆಸೆಯೇ ಸತ್ತುಹೋಗುತ್ತದೆ. ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಂಡವರಿಗೆ ಹಿಡಿತವೇ ಇರುವುದಿಲ್ಲ. ಚಿಕಿತ್ಸೆ ಶುರುವಾದ ಮೇಲೆ ಮಕ್ಕಳಾಗುವ ಮಾತೇ ಇಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಬಗ್ಗೆ ಇಂಥ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇರುತ್ತವೆ. ಇವುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು? ನೋಡೋಣ.

ಏನಿದು ಚಿಕಿತ್ಸೆ?

ಹುಟ್ಟಿದಾಗ ಗಂಡು ಎಂದು ದಾಖಲಾಗಿ, ತನ್ನನ್ನು ಹೆಣ್ಣೆಂದು ಅರಿತವರು ಟ್ರಾನ್ಸ್ ಮಹಿಳೆ. ಹೆಣ್ಣೆಂದು ದಾಖಲಾಗಿ, ತನ್ನನ್ನು ಗಂಡೆಂದು ಅರಿತವರು ಟ್ರಾನ್ಸ್ ಪುರುಷ. ಇವರಲ್ಲಿ ಎಲ್ಲರೂ ಅಲ್ಲ, ಬೇಕೆನಿಸಿದವರು ಮಾತ್ರ ಹಾರ್ಮೋನ್ ಚಿಕಿತ್ಸೆ ಪಡೆಯುತ್ತಾರೆ. ಟ್ರಾನ್ಸ್ ಮಹಿಳೆಯರಿಗೆ ವೈದ್ಯರು ಈಸ್ಟ್ರೋಜನ್ ಕೊಡುತ್ತಾರೆ, ಜೊತೆಗೆ ಟೆಸ್ಟೋಸ್ಟಿರಾನ್ ತಗ್ಗಿಸುವ ಔಷಧಿಯನ್ನೂ ಕೊಡುವುದುಂಟು. ಟ್ರಾನ್ಸ್ ಪುರುಷರಿಗೆ ಟೆಸ್ಟೋಸ್ಟಿರಾನ್ ಕೊಡುತ್ತಾರೆ. ಅಂದಹಾಗೆ, ಈ ಎರಡೂ ಹಾರ್ಮೋನ್‌ಗಳು ಎಲ್ಲ ಗಂಡಸರಲ್ಲೂ ಹೆಂಗಸರಲ್ಲೂ ಇರುತ್ತವೆ. ಬೇರೆಯಾಗುವುದು ಪ್ರಮಾಣ ಮಾತ್ರ.

ಟ್ರಾನ್ಸ್ ಮಹಿಳೆಯರಲ್ಲಿ ಏನಾಗುತ್ತದೆ?

ಟೆಸ್ಟೋಸ್ಟಿರಾನ್ ಇಳಿದಂತೆ, ಸಾಮಾನ್ಯವಾಗಿ ಮೊದಲ 1ರಿಂದ 3 ತಿಂಗಳಲ್ಲಿ ಲೈಂಗಿಕ ಆಸಕ್ತಿ ಕಡಿಮೆಯಾಗುತ್ತದೆ. ತಾನಾಗಿಯೇ ಆಗುವ ನಿಮಿರುವಿಕೆಯೂ ತಗ್ಗುತ್ತದೆ. ಆಸೆ ಸಾಯುತ್ತದೆ ಎಂಬ ಮಾತು ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಬೆಲ್ಜಿಯಂನ ಘೆಂಟ್, ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ಮೊದಲಾದ ಕಡೆಯ ವೈದ್ಯರು 700ಕ್ಕೂ ಹೆಚ್ಚು ಟ್ರಾನ್ಸ್ ವ್ಯಕ್ತಿಗಳನ್ನು ಚಿಕಿತ್ಸೆಯ ಆರಂಭದಿಂದ ಗಮನಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಟ್ರಾನ್ಸ್ ಮಹಿಳೆಯರ ಆಸಕ್ತಿ ಮೊದಲ ತಿಂಗಳುಗಳಲ್ಲಿ ಇಳಿದರೂ, ನಂತರ ಮತ್ತೆ ಏರಿತ್ತು.

ಸ್ಪರ್ಶದ ಅನುಭವ, ಸುಖದ ಅನುಭವ ಮೊದಲಿನಂತಿಲ್ಲ, ಅದು ಬೇರೆ ಬಗೆಯದು ಎಂದು ಹಲವರು ಹೇಳುತ್ತಾರೆ. ಬೇರೆ ಎಂದರೆ ಕಡಿಮೆ ಎಂದರ್ಥವಲ್ಲ.

ಟ್ರಾನ್ಸ್ ಪುರುಷರಲ್ಲಿ?

ಇಲ್ಲಿ ದಿಕ್ಕು ಉಲ್ಟಾ. ಟೆಸ್ಟೋಸ್ಟಿರಾನ್ ಶುರುವಾದ ಮೇಲೆ ಆಸಕ್ತಿ ಹೆಚ್ಚುವುದು ಸಾಮಾನ್ಯ. ಅದೇ ಅಧ್ಯಯನದಲ್ಲಿ ಈ ಏರಿಕೆ ಮೊದಲ ವರ್ಷ ಎದ್ದು ಕಂಡು, ಮೂರು ವರ್ಷಗಳ ಹೊತ್ತಿಗೆ ಹಿಂದಿನ ಮಟ್ಟಕ್ಕೆ ಮರಳಿತ್ತು. ಹದಿಹರೆಯವನ್ನು ನೆನಪಿಸಿಕೊಳ್ಳಿ. ಅಲ್ಲಿಯೂ ಹಾರ್ಮೋನ್ ಏರುತ್ತದೆ, ಹಾಗೆಂದು ಹುಡುಗರೆಲ್ಲ ಹಿಡಿತ ತಪ್ಪುವುದಿಲ್ಲ. ಯೋನಿ ಒಣಗಿ ನೋವಾಗುವುದು ಟ್ರಾನ್ಸ್ ಪುರುಷರಲ್ಲಿ ಕಾಣುವ ಇನ್ನೊಂದು ಬದಲಾವಣೆ. ಇದಕ್ಕೆ ಸುಲಭ ಚಿಕಿತ್ಸೆಯಿದೆ, ಆದರೆ ಸಂಕೋಚದಿಂದ ವೈದ್ಯರಿಗೆ ಹೇಳದೆ ನೋವು ನುಂಗಿಕೊಂಡು ಇರುವವರಿದ್ದಾರೆ.

ಯಾರ ಮೇಲೆ ಪ್ರೀತಿ ಎಂಬುದೂ ಬದಲಾಗುತ್ತದೆಯೇ?

ನಾನು ಯಾರು ಎಂಬುದು ಲಿಂಗತ್ವ, ನನಗೆ ಯಾರು ಇಷ್ಟ ಎಂಬುದು ಲೈಂಗಿಕ ಒಲವು. ಇವೆರಡೂ ಬೇರೆ ಬೇರೆ. ಒಲವನ್ನು ಇತ್ತ ಅತ್ತ ತಿರುಗಿಸುವ ಹಾರ್ಮೋನ್ ಯಾವುದೂ ಇಲ್ಲ. ತಮ್ಮ ಆಕರ್ಷಣೆಯಲ್ಲಿ ಬದಲಾವಣೆ ಕಂಡೆವು ಎಂದು ಕೆಲವರು ಹೇಳಿದ್ದುಂಟು. ಅದರಲ್ಲಿ ಹಾರ್ಮೋನ್ ಪಾಲೆಷ್ಟು, ತನ್ನತನ ಒಪ್ಪಿಕೊಂಡ ನಿರಾಳದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ತನ್ನದೇ ಮೈ ಪರಕೀಯ ಎನಿಸುವಾಗ ಯಾರ ಹತ್ತಿರ ಹೋಗಲೂ ಮನಸ್ಸು ಹಿಂಜರಿಯುತ್ತದೆ. ಆ ಹಿಂಜರಿಕೆ ಕರಗಿದಾಗ ಸಂಬಂಧಗಳೂ ಹಗುರಾಗುತ್ತವೆ.

ಅಪಾಯ ಇರುವುದು ಎಲ್ಲಿ?

ಮೊದಲನೆಯದು ಗರ್ಭ. ಹಾರ್ಮೋನ್ ಚಿಕಿತ್ಸೆ ಗರ್ಭನಿರೋಧಕವಲ್ಲ. ಮುಟ್ಟು ನಿಂತಿದ್ದರೂ ಟ್ರಾನ್ಸ್ ಪುರುಷರು ಗರ್ಭ ಧರಿಸಬಹುದು, ಆಗ ಟೆಸ್ಟೋಸ್ಟಿರಾನ್ ಭ್ರೂಣಕ್ಕೆ ಹಾನಿ ಮಾಡಬಲ್ಲದು. ಟ್ರಾನ್ಸ್ ಮಹಿಳೆಯರಲ್ಲಿ ವೀರ್ಯಾಣು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುತ್ತದೆಂಬ ಖಾತ್ರಿಯಿಲ್ಲ. ಅದೇ ರೀತಿ, ಚಿಕಿತ್ಸೆ ನಿಲ್ಲಿಸಿದರೆ ಫಲವತ್ತತೆ ಮರಳಿಯೇ ಮರಳುತ್ತದೆ ಎಂಬ ಖಾತ್ರಿಯೂ ಇಲ್ಲ. ಮುಂದೆ ಮಕ್ಕಳು ಬೇಕೆನ್ನುವವರು ವೀರ್ಯ ಅಥವಾ ಅಂಡಾಣು ಶೇಖರಿಸಿಡುವ ಬಗ್ಗೆ ಚಿಕಿತ್ಸೆಗೆ ಮುನ್ನವೇ ವಿಚಾರಿಸಬೇಕು. ಸೋಂಕಿನಿಂದ ಕಾಪಾಡಲು ಕಾಂಡೋಮ್ ಎಲ್ಲರಿಗೂ ಬೇಕು.

ಎರಡನೆಯದು ಸ್ವಯಂ ಚಿಕಿತ್ಸೆ. ವೈದ್ಯರ ಬಳಿ ಹೋಗಲು ಹೆದರಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಗರ್ಭನಿರೋಧಕ ಮಾತ್ರೆಗಳನ್ನೇ ಹೆಚ್ಚು ಹೆಚ್ಚು ನುಂಗುವ ಟ್ರಾನ್ಸ್ ಮಹಿಳೆಯರಿದ್ದಾರೆ. ಇಂಥ ಹಲವು ಮಾತ್ರೆಗಳಲ್ಲಿರುವ ಎಥಿನೈಲ್ ಎಸ್ಟ್ರಡಿಯೋಲ್ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ. ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಒಂದು ಕಾಲು ಊದಿ ನೋಯುವುದು, ಎದೆನೋವು, ದಿಢೀರ್ ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆಸಕ್ತಿ ಕುಗ್ಗಿತೆಂದು ಅಥವಾ ಹೆಚ್ಚಿತೆಂದು ಡೋಸ್ ತಾವೇ ಬದಲಿಸುವುದೂ ತಪ್ಪು. ಕಾರಣ ಹಾರ್ಮೋನೇ ಆಗಬೇಕೆಂದಿಲ್ಲ. ಖಿನ್ನತೆ, ಖಿನ್ನತೆಯ ಮಾತ್ರೆ, ನಿದ್ದೆಗೇಡು, ಮನೆಯ ಜಗಳ ಎಲ್ಲವೂ ಆಸೆಯನ್ನು ಅಲುಗಿಸುತ್ತವೆ. ಎಂಡೋಕ್ರೈನಾಲಜಿ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಸರಿಪಡಿಸುತ್ತಾರೆ. ಹಾರ್ಮೋನ್ ಚಿಕಿತ್ಸೆ ಮತ್ತು ಅದಕ್ಕೆ ಮೊದಲು, ನಂತರದ ಆಪ್ತಸಮಾಲೋಚನೆಗೆ ಸರ್ಕಾರಗಳು ವ್ಯವಸ್ಥೆ ಮಾಡಬೇಕು ಎಂದು ನಮ್ಮ ದೇಶದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯಲ್ಲೇ ಹೇಳಲಾಗಿತ್ತು.

ಕೊನೆಯ ಮಾತು

ಹಾರ್ಮೋನ್ ಚಿಕಿತ್ಸೆ ಆಸೆಯ ಪ್ರಮಾಣವನ್ನು ಕೆಲಕಾಲ ಏರಿಳಿಸುತ್ತದೆ, ದೇಹ ಸ್ಪಂದಿಸುವ ರೀತಿಯನ್ನು ಬದಲಿಸುತ್ತದೆ. ಅದು ಆಸೆಯನ್ನು ಕೊಲ್ಲುವುದೂ ಇಲ್ಲ, ಮನುಷ್ಯರನ್ನು ಮೃಗ ಮಾಡುವುದೂ ಇಲ್ಲ. ಇನ್ನೊಮ್ಮೆ ಅಂಥ ಮೆಸೇಜ್ ಬಂದಾಗ ಒಂದು ಕ್ಷಣ ಯೋಚಿಸಿ. ನಿಮ್ಮದೇ ಗ್ರೂಪಿನಲ್ಲಿ, ಯಾರಿಗೂ ಹೇಳಿಕೊಳ್ಳಲಾಗದ ಒಬ್ಬರು ಅದನ್ನು ಓದಿ ವೈದ್ಯರ ಬಾಗಿಲಿನಿಂದ ಹಿಂದೆ ಸರಿಯಬಹುದು. ಫಾರ್ವರ್ಡ್ ಮಾಡುವುದಾದರೆ ಸರಿಯಾದ ಮಾಹಿತಿಯನ್ನೇ ಮಾಡಿ.